ಬೀಗರು ಕೊಟ್ಟ ಫ್ಯಾನು

ಮಾವಾರೆ, ನೀವು ಕೊಟ್ಟ ಫ್ಯಾನು ಹಲ್ಕಾ ಮಾಲಾಗಿರಲಿಲ್ಲ. ಅದರ ರಿಮೋಟು ಕೆಡಿಸಿದವನು ನಾನು. ಕೆಡಿಸುವಾಗ ನನಗೆ ಗೊತ್ತಿರಲಿಲ್ಲ, ನಿಜ — ಆದರೆ ನೀವು ನಮ್ಮ ಮನೆಯಲ್ಲಿ ಕುಳಿತು, ನನ್ನ ಮುಖ ನೋಡಿ ಕೇಳಿದ ದಿನ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ.

ಇಷ್ಟನ್ನು ಬರೆಯಲು ನನಗೆ ವರ್ಷಗಳೇ ಬೇಕಾದವು. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವವನು ನಾನು — ಹಾಲಿನವ ಬಾರದ ದಿನ, ಕರೆಂಟು ಹೋದ ಹೊತ್ತು, ಸಿಲಿಂಡರ್ ಹಚ್ಚಿದ ದಿನ. ಸೊಲ್ಲಾಪುರದ ನಮ್ಮ ಮನೆಯಲ್ಲಿ ಏನು ಕೆಟ್ಟರೂ ನನ್ನನ್ನೇ ಕೇಳುತ್ತಾರೆ. "ಅಂವ ಹೇಳಿದ್ರ ಮುಗೀತು" ಎಂದು ಅವ್ವ ಓಣಿಯವರ ಮುಂದೆ ಹೇಳಿಕೊಳ್ಳುತ್ತಾಳೆ. ನನ್ನ ಸುಳ್ಳಿಗೆ ಬಲ ಬಂದದ್ದು ಆ ಮಾತಿನಿಂದಲೇ.

ಅಣ್ಣನ ಲಗ್ನವಾದ ಮೊದಲ ಬೇಸಿಗೆ ಅದು. ಅವ್ವನ ಮೊಣಕಾಲು ನೋವು ಲಗ್ನದಲ್ಲೇ ನಿಮ್ಮ ಕಣ್ಣಿಗೆ ಬಿದ್ದಿತ್ತು. ಹಳೆಯ ಫ್ಯಾನಿನ ರೆಗ್ಯುಲೇಟರ್ ತಿರುಗಿಸಲು ಆಕೆ ಗೋಡೆ ಹಿಡಿದು ಏಳುವುದನ್ನು ಒಮ್ಮೆ ನೋಡಿದ್ದಿರಿ. ಯಾರಿಗೂ ಏನೂ ಹೇಳದೆ, ಮುಂಬೈಯಲ್ಲಿದ್ದ ನಿಮ್ಮ ಪರಿಚಯದವರಿಗೆ ಹೇಳಿ, ರಿಮೋಟಿನಿಂದ ನಡೆಯುವ ಫ್ಯಾನು ತರಿಸಿದಿರಿ. ಅದರ ರಟ್ಟಿನ ಖೋಕೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಗಣಸೂರಿನಿಂದ ಬಸ್ಸಿನಲ್ಲಿ ತಂದಿರಿ. "ಬೀಗತಿಯಾರು ಇನ್ನ ಕುಂತಲ್ಲೇ ಗಾಳಿ ತಗೋಬೇಕು ನೋಡ್ರಿ" ಎಂದಿರಿ. ನಮ್ಮ ಓಣಿಯಲ್ಲಿ ಅಂಥದ್ದು ಯಾರ ಮನೆಯಲ್ಲೂ ಇರಲಿಲ್ಲ. ಅವ್ವ ರಿಮೋಟನ್ನು ಸೆರಗಿನ ಗಂಟಿನ ಹತ್ತಿರ ಇಟ್ಟುಕೊಂಡು, ಬಂದವರಿಗೆಲ್ಲ ಗುಂಡಿ ಒತ್ತಿ ತೋರಿಸುತ್ತಿದ್ದಳು.

ಒಂದು ರವಿವಾರ ಮಧ್ಯಾಹ್ನ ರಿಮೋಟಿನ ಸೆಲ್ಲು ಬದಲಿಸಲು ಕುಳಿತೆ. ಹಳೆಯವು ಇನ್ನೂ ನಡೆಯುತ್ತಿದ್ದವು. ತೀರುವ ಮೊದಲೇ ಬದಲಿಸುವುದು ನನ್ನ ರೂಢಿ. ಮುಚ್ಚಳ ಜಾರಿಸಿದೆ. ಸೆಲ್ಲಿನ ಪಕ್ಕದಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ನಾಲ್ಕು ಬಿಳಿ ಕಡ್ಡಿಗಳ ಸಾಲು. ಒಂದು ಮೇಲೆ, ಒಂದು ಕೆಳಗೆ — ಸೊಟ್ಟಸೊಟ್ಟ. ಬಸ್ಸಿನ ಕುಲುಕಾಟಕ್ಕೆ ಸರಿದಿರಬೇಕು ಅಂದುಕೊಂಡೆ. ಪೆನ್ಸಿಲ್ ಮೊನೆಯಿಂದ ನಾಲ್ಕನ್ನೂ ಒಂದೇ ಸಾಲಿಗೆ ನೇರ ಮಾಡಿದೆ. ಎಷ್ಟು ಸಮಾಧಾನವಾಯಿತು ಗೊತ್ತೇ? ಮೇಜಿನ ಮೇಲಿನ ಪುಸ್ತಕ ಸರಿಪಡಿಸಿದಷ್ಟೇ ಸಮಾಧಾನ. ಮೊದಲು ಹೇಗಿದ್ದವೆಂದು ಗುರುತು ಹಾಕಿಕೊಳ್ಳಲಿಲ್ಲ. ಕೆಟ್ಟದ್ದನ್ನು ಸರಿಮಾಡಿದವನು ಗುರುತು ಏಕೆ ಹಾಕಿಕೊಳ್ಳಬೇಕು —

ಸಂಜೆ ಅವ್ವ ಗುಂಡಿ ಒತ್ತಿದಳು. ಫ್ಯಾನು ಅಲುಗಲಿಲ್ಲ.

"ಹೊಸಾ ಸೆಲ್ ಹಾಕೀದಿ ಹೌದಲ್ಲೋ?"

"ಹಾಕೀನವ್ವಾ."

ನನ್ನ ತಪಾಸಣೆ ಶುರುವಾಯಿತು. ಸಣ್ಣ ಟಾರ್ಚ್ ಬ್ಯಾಟರಿಯ ಸೆಲ್ಲು ತೆಗೆದು ಇದಕ್ಕೆ ಹಾಕಿದೆ. ಇದರ ಸೆಲ್ಲು ಬ್ಯಾಟರಿಗೆ ಹಾಕಿದರೆ ಅದು ಉರಿಯಿತು. ಸ್ಪ್ರಿಂಗಿನ ತುದಿ ಒರೆಸಿದೆ. ಗುಂಡಿ ಒತ್ತಿದಾಗ ರಿಮೋಟಿನ ಕೆಂಪು ದೀಪ ಹತ್ತುತ್ತಿತ್ತು. ಅಂದರೆ ಅದಕ್ಕೆ ಜೀವವಿದೆ. ಗೋಡೆಯ ಸ್ವಿಚ್ಚಿಗೆ ಟೆಸ್ಟರ್ ಹಿಡಿದೆ, ಕರೆಂಟು ಬರುತ್ತಿತ್ತು. ಮೇನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ. ಸ್ಟೂಲ್ ಹತ್ತಿ ರಿಮೋಟನ್ನು ಫ್ಯಾನಿನ ಪಕ್ಕಕ್ಕೇ ಹಿಡಿದು ಒತ್ತಿದೆ. ಡಿಪ್ಲೊಮಾ ಓದುತ್ತಿರುವ ಹುಡುಗ ಹೀಗೆ ಒಂದೊಂದಾಗಿ ನೋಡುತ್ತ ಹೋಗುವುದನ್ನು ಅಣ್ಣ ಬಾಗಿಲಲ್ಲಿ ನಿಂತು ಮೆಚ್ಚಿಕೊಂಡು ನೋಡುತ್ತಿದ್ದ. ಆ ನಾಲ್ಕು ಕಡ್ಡಿಗಳು ಮಾತ್ರ ನನ್ನ ನೆನಪಿಗೆ ಬರಲೇ ಇಲ್ಲ. ಅವನ್ನು ನಾನು ಆಗಲೇ ಸರಿಮಾಡಿದ್ದೆನಲ್ಲ.

ಅವ್ವನ ಕಣ್ಣು ವೈನಿಯ ಕಡೆ, ಅಂದರೆ ನಿಮ್ಮ ಮಗಳ ಕಡೆ, ತಿರುಗಿತು.

"ಹಸೀ ಅರಿವಿಲೆ ವರಸೀದೇನು ಇದನ್ನ?"

"ಇಲ್ರಿ ಅತ್ತಿಯಾರ. ನಾ ಮುಟ್ಟೇ ಇಲ್ರಿ."

"ಮುಟ್ಟದ ಕೆಡ್ಲಿಕ್ಕೆ ಅದಕ್ಕೇನು ದೃಷ್ಟಿ ಆಗ್ಯಾದ?"

"ಆಗಿದ್ರೂ ಆಗಿರ್ತದವ್ವಾ," ಅಂದ ಅಣ್ಣ. "ಓಣಿ ಮಂದಿಗೆಲ್ಲ ಕರಕರದು ತೋರ್ಸಿದಾಕಿ ನೀನ."

ಅಣ್ಣ ನಕ್ಕ. ಬೇರೆ ಯಾರೂ ನಗಲಿಲ್ಲ. ರಿಮೋಟಿಲ್ಲದೆ ಆ ಫ್ಯಾನು ತಿರುಗುವ ಹಾಗಿರಲಿಲ್ಲ. ಅವ್ವ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ಕೂರುತ್ತಿದ್ದಳು. ರಟ್ಟಿನ ಸಪ್ಪಳ ಅಡುಗೆಮನೆಗೆ ಕೇಳಲಿ ಎಂದೇ ಜೋರಾಗಿ. ವೈನಿ ಹೊರಗಿನ ಕೋಣೆಗೆ ಬರುವುದನ್ನೇ ಕಡಿಮೆ ಮಾಡಿದಳು. ಯಾವ ಪಾತ್ರೆ ಸಪ್ಪಳವಾದರೂ "ಅದೂ ಹೋತೇನು?" ಎಂದು ಅವ್ವ ಕೇಳುವಳು.

ವಾರ ಕಳೆದ ಮೇಲೆ ನಾನು ಅಟ್ಟದ ಮೇಲಿನ ಖೋಕೆ ಇಳಿಸಿ, ಅದರ ತಳದಲ್ಲಿದ್ದ ಮಡಚಿದ ಕಾಗದ ತೆಗೆದು ಓದಿದೆ. ಅದರಲ್ಲಿ ಚಿತ್ರವಿತ್ತು. ರಿಮೋಟಿನೊಳಗೆ ನಾಲ್ಕು ಕಡ್ಡಿ. ಫ್ಯಾನಿನ ಮೇಲಿನ ಬಟ್ಟಲಿನಲ್ಲಿರುವ ಡಬ್ಬಿಯೊಳಗೂ ಅಂಥವೇ ನಾಲ್ಕು. ಎರಡೂ ಕಡೆ ಒಂದೇ ರೀತಿ ಇರಬೇಕು. ಇಲ್ಲದಿದ್ದರೆ ಫ್ಯಾನು ರಿಮೋಟಿನ ಮಾತು ಕೇಳುವುದಿಲ್ಲ.

ಕಾಗದವನ್ನು ಮತ್ತೊಮ್ಮೆ ಓದಿ ಕಿಸೆಗೆ ಹಾಕಿದೆ. ಸೊಟ್ಟಗಿದ್ದುದೇ ಸರಿ ಇತ್ತು. ನೇರ ಮಾಡಿದ್ದೇ ತಪ್ಪು. ಪೆನ್ಸಿಲ್ ಹಿಡಿದು ಕುಳಿತು, ಒಂದೊಂದು ರೀತಿ ಇಟ್ಟು ನೋಡಿದ್ದರೆ ಚಹಾ ಕುದಿಯುವಷ್ಟರಲ್ಲಿ ಫ್ಯಾನು ತಿರುಗುತ್ತಿತ್ತು.

ಆಗಲೇ ಅವ್ವ ಕರೆದಳು. ವೈನಿ ತಾಟು ಹಿಡಿದು ನಿಂತಿದ್ದಳು.

"ಒಂದ ಮಾತಿನ್ಯಾಗ ಹೇಳು. ಇಕಿ ಕೆಡಿಸ್ಯಾಳೋ, ಇಲ್ಲೋ?"

ಹೇಳಬಹುದಿತ್ತು. ಕಾಗದ ಅಂಗಿಯ ಕಿಸೆಯಲ್ಲೇ ಇತ್ತು. ಆದರೆ ಒಂದು ವಾರ ಟೆಸ್ಟರ್ ಹಿಡಿದು ಡಾಕ್ಟರನ ಹಾಗೆ ಓಡಾಡಿದವನು, ವೈನಿ ಬೈಗುಳ ತಿನ್ನುವುದನ್ನು ದಿನವೂ ನೋಡಿದವನು, ಈಗ "ನಾನ" ಎಂದು ಹೇಗೆ — ಹೇಗೆ ಎಂದರೇನು, ಬಾಯಿ ತೆರೆದು ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ.

"ಯಾರೂ ಕೆಡಿಸಿಲ್ಲವ್ವಾ. ಮಾಲೇ ಹಲ್ಕಾ ಅದ."

ಜಾಣತನ ಮಾಡಿದೆ ಅಂದುಕೊಂಡೆ. ವೈನಿಯೂ ಪಾರಾದಳು, ನಾನೂ ಪಾರಾದೆ. ವೈನಿ ನನ್ನ ಕಡೆ ನೋಡಿದ ನೋಟ ಮರೆಯಲಾರೆ. ಅದರಲ್ಲಿ ಉಪಕಾರ ನೆನೆಯುವುದು ಇರಲಿಲ್ಲ. ಅವಳ ಮೇಲಿದ್ದ ಏಟು ತಪ್ಪಿ ಅವಳ ಅಪ್ಪನ ಮೇಲೆ ಬಿತ್ತೆಂದು ಅವಳಿಗೆ ಆ ಕ್ಷಣವೇ ತಿಳಿದಿತ್ತು. ನನಗೆ ತಿಳಿಯಲು ಇನ್ನೂ ಎರಡು ದಿನ ಬೇಕಾಯಿತು. ಅವ್ವ ರಿಮೋಟನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. "ಬೀಗರು ಬರ್ಲಿ," ಅಂದಳು.

ಗುರುವಾರ ನೀವು ಬಂದಿರಿ. ಅಕ್ಕಲಕೋಟೆಯ ಮಠಕ್ಕೆ ಹೋಗಿ, ಪ್ರಸಾದ ಹಿಡಿದುಕೊಂಡು, ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು. ಟೋಪಿ ತೆಗೆದು ಕುಳಿತು, ಮೇಲೆ ನೋಡಿ ಕೇಳಿದಿರಿ, "ಯಾಕ್ರಿ, ಫ್ಯಾನ್ ಹಚ್ಚಿಲ್ಲ?"

"ಫ್ಯಾನ್ ಬಾಳ ಛಂದ ಅದರಿ ಬೀಗರ," ಅಂದಳು ಅವ್ವ. "ಗ್ವಾಡಿ ಮ್ಯಾಗಿನ ಫೋಟೋದ ಗತೆ. ನೋಡ್ಕೋತ ಕುಂದರಬೇಕು."

ನೀವು ನಕ್ಕಿರಿ. ಆಕೆ ನಗಲಿಲ್ಲ. ಕಪಾಟು ತೆಗೆದು ರಿಮೋಟನ್ನು ನಿಮ್ಮ ಮುಂದಿಟ್ಟಳು.

"ನಾ ಏನೂ ಅನ್ನಂಗಿಲ್ರಿ. ನಮ್ಮ ಸಣ್ಣಾಂವ ಅಂತಾನ, ಮಾಲ ಹಲ್ಕಾ ಅಂತ."

ವೈನಿ ಅಡುಗೆಮನೆಯ ಬಾಗಿಲ ಹಿಂದೆ ಇದ್ದಳು. ನೀವು ರಿಮೋಟು ತೆಗೆದು ನನ್ನ ಅಂಗೈಯಲ್ಲಿಟ್ಟಿರಿ.

"ತಮ್ಮಾ, ನಾ ಹೊಲದಾಗಿನ ಮನಷ್ಯಾ. ನೀ ಕಲ್ತಾಂವ ಇದ್ದಿ. ದಾಕ್ಷಿಣ್ಯ ಬ್ಯಾಡ. ಇದು ಖರೇನೇ ಹಲ್ಕಾ ಅದ ಏನು?"

ಮುಚ್ಚಳ ನನ್ನ ಹೆಬ್ಬೆರಳ ಕೆಳಗೇ ಇತ್ತು. ಜಾರಿಸಿದೆ. ನಾಲ್ಕು ಕಡ್ಡಿಗಳು, ನಾನು ನಿಲ್ಲಿಸಿದ ಹಾಗೆಯೇ, ನೇರ. ಅವುಗಳನ್ನು ನೋಡುತ್ತ ನಿಂತೆ. ನಾನು ಪರೀಕ್ಷೆ ಮಾಡುತ್ತಿದ್ದೇನೆ ಎಂದು ನೀವೆಲ್ಲ ಕಾದಿರಿ. ಮುಚ್ಚಳ ಹಾಕಿದೆ.

"ಹೌದ್ರಿ ಮಾವಾರೆ."

ನೀವು ಸ್ಟೂಲ್ ಕೇಳಿದಿರಿ. "ಬ್ಯಾಡ್ರಿ, ಓಣ್ಯಾಗಿನ ವಾಯರ್‌ಮನ್‌ನ ಕರೀತೀನಿ," ಎಂದ ಅಣ್ಣ. ನೀವು ಕೇಳಲಿಲ್ಲ. "ನಮ್ಮ ಹೆಸರಿಲೆ ಹಲ್ಕಾ ವಸ್ತು ಬೀಗರ ಮನ್ಯಾಗ ತೂಗಬಾರದಪಾ." ನಾನು ಮೇನ್ ಆರಿಸಿದೆ. ನೀವು ಧೋತರ ಎತ್ತಿ ಕಟ್ಟಿ ಮೇಲೆ ಹತ್ತಿದಿರಿ. ಸ್ಟೂಲ್ ಹಿಡಿದವನು ನಾನು. ನಿಮ್ಮ ಮೀನಖಂಡ ನಡುಗುವುದು ನನ್ನ ಕಣ್ಣ ಮಟ್ಟಕ್ಕೇ ಕಾಣುತ್ತಿತ್ತು. ಬಟ್ಟಲು ಕೆಳಗೆ ಸರಿದಾಗ ಒಳಗಿನ ಡಬ್ಬಿ ಕಂಡಿತು. ಫ್ಯಾನಿನ ಭಾರ ಒಮ್ಮೆಲೇ ನಿಮ್ಮ ತೋಳಿಗೆ ಬಂದು, ನೀವು ಹಿಂದಕ್ಕೆ ವಾಲಿದಿರಿ. ನಾನೂ ಅಣ್ಣನೂ ಕೂಡಿ ಹಿಡಿದೆವು. ಬಿದ್ದಿದ್ದರೆ? ಆಗಲಾದರೂ ನಾನು ಹೇಳುತ್ತಿದ್ದೆನೇ? ಈ ಪ್ರಶ್ನೆಗೆ ಹೌದು ಎಂದು ಬರೆಯಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ರೆಕ್ಕೆಗಳನ್ನು ಹೊತ್ತು ನಿಮ್ಮ ಜೊತೆ ಬಸ್‌ಸ್ಟ್ಯಾಂಡಿಗೆ ಬಂದೆ. ಅಕ್ಕಲಕೋಟೆಯ ಬಸ್ಸು ನಿಂತಿತ್ತು. ಹತ್ತುವ ಮೊದಲು ನನ್ನ ಹೆಗಲ ಮೇಲೆ ಕೈಯಿಟ್ಟು ನೀವು ಹೇಳಿದಿರಿ:

"ನೀ ಖರೇ ಹೇಳಿದಿ, ಛಲೋ ಆತು. ಉಳದವ್ರು ಮಾರಿ ನೋಡಿ ಮಾತಾಡ್ತಾರ."

ಮಾವಾರೆ, ನೀವು ಸಿಟ್ಟು ಮಾಡಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. ನೀವು ನನ್ನನ್ನು ನಂಬಿದಿರಿ. ಆಮೇಲೆ ನಮ್ಮ ಮನೆಗೆ ಏನು ತಂದರೂ ಮೊದಲು ನನ್ನ ಕೈಗೆ ಕೊಟ್ಟಿರಿ. ಪಂಚಮಿಗೆ ತಂದ ಸೀರೆಯ ಅಂಚು, ಜೋಳದ ಚೀಲ, ವೈನಿಯ ಮಗುವಿನ ತೊಟ್ಟಿಲ ದಿನ ತಂದ ಬೆಳ್ಳಿ ಬಟ್ಟಲು ಕೂಡ. "ನೋಡಪಾ, ಹಲ್ಕಾ ಇದ್ರ ಈಗಲೇ ಹೇಳು, ಒಳಗ ಒಯ್ಯೂದು ಬ್ಯಾಡ." ತೊಟ್ಟಿಲಿಗೆ ಬಂದ ಮಂದಿಯೆಲ್ಲ ಒಳಗೆ ಹಾಡುತ್ತಿದ್ದರು. ನೀವು ಹೊಸ್ತಿಲ ಹೊರಗೆ ನಿಂತು, ಸ್ವಂತ ಮೊಮ್ಮಗನ ಬಟ್ಟಲನ್ನು ನನಗೆ ತೋರಿಸುತ್ತಿದ್ದಿರಿ. ನಾನು ಅದನ್ನು ತಿರುವಿ ನೋಡಿದೆ. "ಛಲೋ ಅದರಿ," ಅಂದೆ. ಅಷ್ಟು ಹೊತ್ತು ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ.

ಮೊನ್ನೆ ವೈನಿ ತವರಿನಿಂದ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಅವ್ವ ಕೇಳುವ ಮೊದಲೇ ಹೇಳಿದಳು: "ಅಪ್ಪ ಇನ್ನ ಏನೂ ಕೊಡಂಗಿಲ್ಲಂತ್ರಿ. ಕಣ್ಣು ಮಂಜ ಆಗ್ಯಾವ, ಹಲ್ಕಾದ್ದು ಛಲೋದು ಗೊತ್ತಾಗಂಗಿಲ್ಲ, ಬೀಗರ ಮನ್ಯಾಗ ಮತ್ತ ಮಾನ ಹೋಗೂದು ಬ್ಯಾಡ ಅಂತಾನ." ಹೇಳುವಾಗ ಅವಳ ದನಿಯಲ್ಲಿ ದೂರು ಕೂಡ ಇರಲಿಲ್ಲ. ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಆಗ ಹುಡುಗನಾಗಿದ್ದೆ ಎಂದೂ ಹೇಳುವುದಿಲ್ಲ. ತೊಟ್ಟಿಲ ದಿನ ನಾನು ಹುಡುಗನಾಗಿರಲಿಲ್ಲ. ನೀವು ಈ ಮನೆಗೆ ಹಲ್ಕಾ ವಸ್ತು ಎಂದೂ ತಂದಿಲ್ಲ. ನಿಮ್ಮನ್ನು ತೂಗಲು ಕುಳಿತವನೇ ಖೋಟಾ ಆಗಿದ್ದ. ಇದನ್ನು ನಿಮಗೊಬ್ಬರಿಗೇ ಹೇಳಿದರೆ ಸಾಲದು. ಮಾತು ಹುಟ್ಟಿದ್ದು ಅವ್ವನ ಮುಂದೆ. ಅವಳೀಗ ಹೊರಗಿನ ಕೋಣೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಾಳೆ. ವೈನಿ ಪಕ್ಕದಲ್ಲಿ ಮಗುವಿಗೆ ಉಣಿಸುತ್ತಿದ್ದಾಳೆ. ಇಬ್ಬರೂ ಒಟ್ಟಿಗೇ ಇದ್ದಾರೆ. ಈಗ ಎದ್ದು ಹೋಗಿ ಅವರ ಮುಂದೆ ಕೂತು ಹೇಳುತ್ತೇನೆ. ನಾಳೆಯ ಮೊದಲ ಬಸ್ಸಿಗೆ ಈ ಪತ್ರ ಹಿಡಿದು ನಾಗಣಸೂರಿಗೆ ಬರುತ್ತೇನೆ — ಅವ್ವ ಜೊತೆಗೆ ಬಂದರೂ ಸರಿ, ನನ್ನ ಮುಖ ನೋಡಲೊಲ್ಲೆ ಎಂದರೂ ಸರಿ.