ಅಮ್ಮ ಸುತ್ತಿದ ವೈರು

ಅಪ್ಪ ಸರಿಯಾಗಿ ಉಣ್ಣುತ್ತಿದ್ದಾನೋ ಇಲ್ಲವೋ ಎಂಬ ಚಿಂತೆ ಈ ಚಳಿಗಾಲವಿಡೀ ನನ್ನನ್ನು ಬಿಟ್ಟಿಲ್ಲ. ಅಮ್ಮ ಇಟಲಿಯ ಬೊಲೊನ್ಯಾಕ್ಕೆ ಹೋಗಿ ಆರು ವರ್ಷವಾಯಿತು. ಅಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುತ್ತಾಳೆ. ನಮ್ಮೂರು ವಾಸ್ಲುಯಿಯ ಅರ್ಧ ಬೀದಿಯ ಹೆಂಗಸರು ಹೀಗೇ ಇಟಲಿಯಲ್ಲಿದ್ದಾರೆ. ಆದರೆ ಅವರೆಲ್ಲ ಈಸ್ಟರ್‌ಗಾದರೂ ಬರುತ್ತಾರೆ. ಅಮ್ಮ ಎರಡು ಈಸ್ಟರ್ ತಪ್ಪಿಸಿದಳು. ಅಪ್ಪನೋ, ಬಾ ಎಂದು ಒಮ್ಮೆಯೂ ಅಂದವನಲ್ಲ.

ಅಪ್ಪ ನೆಕುಲಾಯ್ ಮೂವತ್ತೈದು ವರ್ಷದಿಂದ ಕಾರು ರಿಪೇರಿ ಮಾಡುವವನು. ನಾನಿರುವ ಯಾಶಿ ನಗರದ ಗ್ಯಾರೇಜಿನವರು ಕಂಪ್ಯೂಟರ್ ಸಿಕ್ಕಿಸಿ, ಅದು ಹೇಳಿದ ಭಾಗ ಬದಲಿಸಿ ಕಳಿಸುತ್ತಾರೆ. ಅಪ್ಪ ಕೊಟ್ಟ ಹಳೇ ಕಾರಿಗೂ ಹಾಗೇ ಆಯಿತು. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್‌ನೊಳಗೆ ಅದನ್ನು ಬಿಸಿಯಿಡುವ ಹೀಟರ್ ಹೋಗಿದೆ ಎಂದು ಎರಡು ಸಲ ಸೆನ್ಸರ್ ಬದಲಿಸಿದರು. ಎರಡು ಸಲವೂ ಎಂಜಿನ್ ಎಚ್ಚರಿಕೆಯ ದೀಪ ಮೂರನೇ ದಿನ ಮತ್ತೆ ಹತ್ತಿತು. ಮಗಳು ಇಲಿಂಕಾ ಹಿಂದಿನ ಸೀಟಿನಲ್ಲಿರುವಾಗ ಆ ದೀಪ ಕಂಡರೆ ಕಾರನ್ನು ಬದಿಗೆ ನಿಲ್ಲಿಸಿಬಿಡುತ್ತಿದ್ದೆ. ಭಾನುವಾರ ಅವಳನ್ನೂ ಕೂರಿಸಿಕೊಂಡು ಕಾರನ್ನು ವಾಸ್ಲುಯಿಗೆ, ಅಪ್ಪನ ಶೆಡ್ಡಿಗೇ ಒಯ್ದೆ.

ಅಪ್ಪ ತಣ್ಣಗಿದ್ದ ಸೆನ್ಸರ್‌ನ ಎರಡು ಬಿಳಿ ವೈರುಗಳಿಗೆ ಮೀಟರ್ ಹಿಡಿದ. ಆರು ಓಮ್, ಹೀಟರ್ ಸರಿಯಿತ್ತು. ಎಂಜಿನ್ ಚಾಲೂ ಮಾಡಿಸಿ ಅದಕ್ಕೆ ಬರುವ ಕರೆಂಟ್ ನೋಡಿದ. ಹನ್ನೆರಡು ವೋಲ್ಟ್, ಅದೂ ಸರಿ. ಮತ್ತೇನು ಕೆಟ್ಟಿದೆ ಎಂದು ಕೇಳಿದೆ.

"ಮೀಟರ್ ಹಿಡಿದ್ರೆ ಯಾರು ಬೇಕಾದ್ರೂ ಚೆನ್ನಾಗಿದೀನಿ ಅಂತಾರೆ, ಮಗಾ. ಕೆಲಸ ಕೊಟ್ಟು ನೋಡ್ಬೇಕು."

ಅದೇ ವೈರಿಗೆ ಹೆಡ್‌ಲೈಟಿನ ಬಲ್ಬು ಕಟ್ಟಿದ. ಬಲ್ಬು ಕೆಂಪಗೆ ಮಿಣುಕಿತು, ಅಷ್ಟೇ. ನಡುವೆ ಎಲ್ಲೋ ಜಾಯಿಂಟ್ ಕೆಟ್ಟು, ಕೆಲಸಕ್ಕೆ ಸಾಕಾಗುವಷ್ಟು ಕರೆಂಟ್ ಹರಿಯುತ್ತಿರಲಿಲ್ಲ.

ವೈರನ್ನು ಬೆರಳಿನಿಂದ ಸವರುತ್ತ ಹೋದವನು ಬ್ಯಾಟರಿಯ ಹಿಂದೆ ನಿಂತುಬಿಟ್ಟ. ಹಿಂದೆ ಅಪ್ಪನೇ ಈ ಕಾರಿಗೆ ಗ್ಯಾಸ್ ಕಿಟ್ ಕೂರಿಸಿದಾಗ, ಬೇರೆ ವೈರು ಎಳೆಯಲು ಬೇಸರಪಟ್ಟು, ಅದಕ್ಕೆ ಹೀಟರ್ ವೈರಿನಿಂದಲೇ ಕರೆಂಟ್ ಕದ್ದಿದ್ದ. ನಮ್ಮ ಕಡೆ ಗ್ಯಾಸ್ ಹಾಕುವವರೆಲ್ಲ ಮಾಡುವ ತಪ್ಪು. ಬೆಸುಗೆ ಹಾಕದೆ ಬರೀ ತಿರುಚಿದ್ದ ಆ ಜಾಯಿಂಟಿನ ಮೇಲೆ, ಆಗ ಕಾರಿನ ವೈರ್ ಕಟ್ಟುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಮ್ಮ ಮೇಣದ ದಾರವನ್ನು ಗಂಟು ಗಂಟಾಗಿ ಬಿಗಿದಿದ್ದಳು. ನಿನ್ನ ಹುಳುಕು ಮುಚ್ಚುವುದೇ ನನ್ನ ಕೆಲಸವಾಯಿತು ಎಂದು ಛೇಡಿಸಿದ್ದಳಂತೆ.

ಬ್ಲೇಡು ಅಪ್ಪನ ಕೈಯಲ್ಲೇ ಇತ್ತು. ದಾರ ಕತ್ತರಿಸಲಿಲ್ಲ. ದೀಪ ಉರಿದರೆ ಉರಿಯಲಿ, ಕಾರು ಓಡುತ್ತದಲ್ಲ ಎಂದ. ಸರ್ಕಾರಿ ವಾಹನ ತಪಾಸಣೆಯಲ್ಲಿ ಫೇಲ್ ಮಾಡುತ್ತಾರೆ ಎಂದು ನಾನು ಗೊಣಗಿದೆ. ಅವನು ಗಂಟುಗಳನ್ನು ಉಗುರಿನಿಂದ ಮುಟ್ಟುತ್ತಲೇ ಇದ್ದ.

"ಅಮ್ಮನ್ನ ಬಾ ಅಂತ ಯಾಕೆ ಕೇಳಲ್ಲ ನೀನು?"

"ಕೇಳಿದ್ರೆ ಬಂದ್ಬಿಡ್ತಾಳೆ. ಅದಕ್ಕೇ ಕೇಳಲ್ಲ. ಇಲ್ಲೇನಿದೆ ಅವಳಿಗೆ, ನಾನೊಬ್ಬ ಬಿಟ್ರೆ?"

ಮಗುವಿಗೆ ಹಾಲು ಕಾಯಿಸಲು ಒಳಗೆ ಹೋದೆ. ಒಲೆಯ ಮೇಲೆ ಮೊನ್ನೆ ಮಾಡಿದ ಮಮಲಿಗ, ಮೆಕ್ಕೆಜೋಳದ ಮುದ್ದೆ, ಮುರಿಯದೆ ಹಾಗೇ ಒಣಗಿ ಬಿರುಕು ಬಿಟ್ಟಿತ್ತು. ಅಮ್ಮ ಬರುವುದಿಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಗೆ ಎಷ್ಟು ಸಲ ಫೋನು ಎತ್ತಿ ಇಟ್ಟಿದ್ದೆನೋ. ಈ ಸಲ ಇಡಲಿಲ್ಲ. ಎರಡನೇ ರಿಂಗಿಗೇ ಎತ್ತಿದಳು.

"ಅಮ್ಮಾ, ಅಪ್ಪ ಕೇಳಲ್ಲ. ನಾನು ಕೇಳ್ತಿದೀನಿ. ಬಾ."