ಗಡಿಯಾಚೆ ಕೂತು ಬರೆದ ವರದಿ

ಗಡಿಪಾರಿನ ಆದೇಶ ಕೈಗೆ ಬಂದಾಗ ನಾನು ಕೋಲಾರದಲ್ಲಿ ನಮ್ಮ ವಾರಪತ್ರಿಕೆಯ ಕೊನೇ ಪುಟ ತಿದ್ದುತ್ತಿದ್ದೆ. ಒಂದು ವರ್ಷ ಜಿಲ್ಲೆಯೊಳಗೆ ಕಾಲಿಡುವಂತಿಲ್ಲ. ನನ್ನ ಬರಹದಿಂದ ಶಾಂತಿ ಕದಡುತ್ತದಂತೆ. ನಾನು ಬರೆದದ್ದು ಇಷ್ಟೇ: ಶ್ರೀನಿವಾಸಪುರದ ಕಡೆ ಒಂದು ಮಾವಿನ ತೋಪಿನಲ್ಲಿ ಕಾಯಿ ಕೀಳುವ ಕೂಲಿಯವನೊಬ್ಬ ಸತ್ತ. ಮರದಿಂದ ಬಿದ್ದ ಎಂದರು ತೋಪಿನವರು. ಕಳ್ಳನೆಂದು ಕಟ್ಟಿಹಾಕಿ ಹೊಡೆದರು ಎಂದಿತು ಊರು, ಅದೂ ಪಿಸುಮಾತಿನಲ್ಲಿ. ಎರಡನ್ನೂ ಅಚ್ಚು ಹಾಕಿದ್ದೆ.

ಬೆಂಗಳೂರಿಗೆ ಹೋಗು ಎಂದರು ಗೆಳೆಯರು. ನಾನು ಗೌನಿಪಲ್ಲಿ ದಾಟಿ ಆಂಧ್ರದ ಒಂದು ಹಳ್ಳಿಯಲ್ಲಿ ಕೋಣೆ ಹಿಡಿದೆ. ನಾನು ಆಚೆ ಹೋಗುವಂತಿರಲಿಲ್ಲ, ಆಚೆಯವರು ಈಚೆ ಬರಬಹುದಿತ್ತಲ್ಲ! ಸತ್ತವನ ಜೊತೆ ಕೆಲಸ ಮಾಡುತ್ತಿದ್ದವರಿಗೆ ದಿನಾ ಫೋನ್ ಮಾಡಿದೆ. ದನಿ ಕೇಳುತ್ತಲೇ ಕಟ್ ಮಾಡುತ್ತಿದ್ದರು. ಒಬ್ಬ ಮಾತ್ರ, "ನಾವು ಇಲ್ಲೇ ಬದುಕ್ಬೇಕಲ್ಲಕ್ಕಾ" ಅಂದ. ಆದರೂ ಮರುದಿನ ಮತ್ತೆ ಮಾಡಿ, ನಾನಿರುವ ಹಳ್ಳಿ ಯಾವುದೆಂದು ಹೇಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಸತ್ತವನ ಹೆಂಡತಿ ತಾನಾಗಿಯೇ ಬಸ್ಸಿಳಿದು ಬಂದಳು. ನೀರು ಕುಡಿದು, ಬಾಗಿಲನ್ನು ತಾನೇ ಮುಚ್ಚಿದಳು.

"ಹೆಣ ತೊಳೆದಿದ್ದು ನಾನೇ ಅಕ್ಕಾ. ಎರಡೂ ಮಣಿಕಟ್ಟಲ್ಲಿ ಹಗ್ಗದ ಗುರುತಿತ್ತು. ಮರದಿಂದ ಬಿದ್ದೋನ ಕೈಗೆ ಹಗ್ಗ ಎಲ್ಲಿಂದ ಬಂತು?"

"ಇದನ್ನ ಯಾರ ಮುಂದಾದ್ರೂ ಹೇಳಿದ್ಯಾ?"

"ಯಾರೂ ಕೇಳ್ಲಿಲ್ಲ."

ನಿನ್ನ ಮುಖ ಕಾಣದ ಹಾಗೆ ವಿಡಿಯೋ ತೆಗೀತೀನಿ ಎಂದೆ. ಅವಳಿಗೆ ಸಿಟ್ಟು ಬಂತು.

"ವದ್ದಕ್ಕಾ, ಬೇಡ! ಬಚ್ಚಿಟ್ಕೊಳ್ಳೋಕೆ ನಾನೇನ್ ತಪ್ಪು ಮಾಡಿದ್ದೀನಿ? ಮುಖ ಕಾಣೋ ಹಂಗೇ ತೆಗಿ."

ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ರೆಕಾರ್ಡ್ ಮಾಡಿದೆ. ನಡುವೆ ಅತ್ತಳು. ನಿಲ್ಲಿಸಲಾ ಎಂದರೆ ಬೇಡವೆಂದು ಕೈಯಾಡಿಸಿದಳು.

ಪತ್ರಿಕೆ ನಿಲ್ಲದಂತೆ ನೋಡಿಕೊಂಡಿದ್ದ ಕೋಲಾರದ ಗೆಳತಿ ಅವಳ ಮಾತನ್ನು ಮೊದಲ ಪುಟದಲ್ಲೇ ಹಾಕಿದಳು. ಆಮೇಲೆ, ಫೋನ್ ಕಟ್ ಮಾಡುತ್ತಿದ್ದವರಲ್ಲೇ ಇಬ್ಬರು ನನ್ನ ಕೋಣೆ ಹುಡುಕಿಕೊಂಡು ಬಂದರು. ಕಟ್ಟಿಹಾಕಿದ್ದನ್ನು ಕಣ್ಣಾರೆ ಕಂಡವರು. ವಕೀಲರೊಬ್ಬರು ಮೂವರ ಹೇಳಿಕೆಯನ್ನೂ ಹೈಕೋರ್ಟಿಗೆ ಒಯ್ದರು. ಹೂತ ಹೆಣ ತೆಗೆಸಿ ಮತ್ತೆ ತನಿಖೆ ಮಾಡಿ ಎಂದು ಆದೇಶವಾಯಿತು.

ಹೆಣ ತೆಗೆದ ದಿನ ನಾನು ಅಲ್ಲಿರಬೇಕಿತ್ತು. ಇರಲಾಗಲಿಲ್ಲ. ಸತ್ತವನ ಹೆಂಡತಿ ಅಲ್ಲಿಂದಲೇ ಫೋನ್ ಮಾಡಿ, ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ನಾನು ಟೈಪ್ ಮಾಡುತ್ತ ಹೋದೆ. ಮೂಳೆ ಮುರಿದದ್ದು ಬಿದ್ದದ್ದರಿಂದಲ್ಲ ಎಂದು ವೈದ್ಯರು ಬರೆದರು. ತೋಪಿನ ಮಾಲೀಕ, ಇಬ್ಬರು ಕಾವಲುಗಾರರು ಜೈಲು ಸೇರಿದರು.

ನನ್ನ ಗಡಿಪಾರು ಮುಗಿಯಲು ಇನ್ನೂ ಕೆಲವು ತಿಂಗಳಿವೆ. ಕೇಸಿನ ಪ್ರತಿ ವಾಯಿದೆಗೂ ಅವಳು ತಪ್ಪದೆ ಕೋರ್ಟಿಗೆ ಹೋಗುತ್ತಾಳೆ. ಸಂಜೆ ನನಗೆ ಫೋನ್ ಮಾಡುತ್ತಾಳೆ. ನಾನು ಬರೆಯುತ್ತೇನೆ.