ಮಡಿಕೆಯೊಳಗಿನ ಊರು

ಜಯನಗರದ ಒಂದು ಖಾಸಗಿ ಸಂಗ್ರಹಾಲಯದಲ್ಲಿ ಮೈಸೂರು ಸೀಮೆಯ ಹಳೆಯ ನಕ್ಷೆಯೊಂದಿದೆ; ಅದನ್ನು ತೋರಿಸುವವರು ಕೊಟ್ರಪ್ಪ. ಬಂದವರನ್ನು ಬಾಗಿಲಲ್ಲೇ ಕೇಳುತ್ತಾರೆ, "ಯಾವೂರಾಯ್ತು ಸಾರ್?" ಜೆ.ಪಿ. ನಗರ ಎಂದರೆ ಒಪ್ಪುವುದಿಲ್ಲ. "ಅದು ಅಡ್ರೆಸ್ಸು. ಊರು ಹೇಳಿ." ಹೇಳಿದರೆ ಸಾಕು, ಕಣ್ಣು ಮುಚ್ಚಿಕೊಂಡೇ ಗಾಜಿನ ಮೇಲೆ ಬೆರಳಿಟ್ಟು ಅಲ್ಲಿನ ಕೆರೆ, ಗಾಡಿದಾರಿಗಳನ್ನೆಲ್ಲ ಒಪ್ಪಿಸುತ್ತಾರೆ. ಇಸವಿ ತಪ್ಪು ಹೇಳಿದ ಚರಿತ್ರೆಯ ಮೇಷ್ಟರನ್ನೂ ತಿದ್ದದೆ ಬಿಟ್ಟವರಲ್ಲ. ಮೊನ್ನೆ ಜಯದೇವಿ ಎಂಬಾಕೆ ಎಷ್ಟು ಹುಡುಕಿದರೂ ತಮ್ಮೂರು ಸಿಗದೆ ಮುಖ ಸಣ್ಣದು ಮಾಡಿಕೊಂಡರು. "ನಮ್ದು ಊರೇ ಅಲ್ವಾ ಹಾಗಾದ್ರೆ?" "ಇದೆ ತಾಯಿ, ಕಾಗದದ ಈ ಮಡಿಕೆಯೊಳಗೆ ಸಿಕ್ಕೊಂಡಿದೆ," ಎಂದರು ಕೊಟ್ರಪ್ಪ. ಆಕೆ ನಕ್ಕು ಮಡಿಕೆಯದೇ ಫೋಟೊ ತೆಗೆದುಕೊಂಡರು. ನಕ್ಷೆಯಲ್ಲಿಲ್ಲದ ಊರುಗಳನ್ನೆಲ್ಲ ಕೊಟ್ರಪ್ಪ ಆ ಒಂದೇ ಮಡಿಕೆಗೆ ಸೇರಿಸಿದ್ದಾರೆ. ಮೊಟ್ಟಮೊದಲು ಸೇರಿಸಿದ್ದು ತಮ್ಮೂರನ್ನು.